ತಂತಿ ತುಂಡಾದರೆ ತಾನೇ ಹೇಳುವ ಪಂಪ್

ಪೀಣ್ಯದ ನಮ್ಮ ಪ್ಲೇಟಿಂಗ್ (ಲೋಹ ಲೇಪನ) ಘಟಕದಲ್ಲಿ ತ್ಯಾಜ್ಯ ನೀರಿನ ಆಮ್ಲತೆ ಇಳಿಸೋಕೆ ಕಾಸ್ಟಿಕ್ ಸೋಡಾವನ್ನ ಅಳತೆ ಪ್ರಕಾರ ಬಿಡುವ ಈ ಡೋಸಿಂಗ್ ಪಂಪ್ ತಗೊಂಡು ಎಂಟು ತಿಂಗಳಾಯ್ತು. ಹಳೇದರಲ್ಲಿ ವೇಗ ಬದಲಿಸಬೇಕಂದ್ರೆ ಪ್ರತಿ ಸಲ ಟ್ಯಾಂಕ್ ಹತ್ತಿರ ಹೋಗಿ ನಾಬ್ ತಿರುಗಿಸಬೇಕಿತ್ತು, ಕಣ್ಣುರಿ ಬೇರೆ. ಈಗ ನೀರಿನ ಆಮ್ಲತೆ ನೋಡಿಕೊಳ್ಳುವ ಪಿಎಚ್ ಕಂಟ್ರೋಲರ್ ಕೂತಲ್ಲಿಂದಲೇ 4ರಿಂದ 20 ಮಿಲಿಆಂಪ್ ಕರೆಂಟನ್ನ ಸಿಗ್ನಲ್ ಆಗಿ ಪಂಪಿಗೆ ಕಳಿಸುತ್ತೆ. 4ಕ್ಕೆ ಪಂಪ್ ನಿಲ್ಲುತ್ತೆ, 12ಕ್ಕೆ ಅರ್ಧ ವೇಗ, 20ಕ್ಕೆ ಪೂರ್ತಿ.

ಹೋದ ತಿಂಗಳು ಇಲಿ ಕೇಬಲ್ ಕಡಿದಿತ್ತು. ಸಿಗ್ನಲ್ 4ಕ್ಕಿಂತ ಕೆಳಗೆ, ಸೊನ್ನೆಗೇ ಇಳಿದದ್ದರಿಂದ ತಂತಿ ಹೋಗಿದೆ ಅಂತ ಪಂಪಿಗೆ ಗೊತ್ತಾಯ್ತು. ನಿಂತು ಕೆಂಪು ದೀಪ ಹಚ್ಚಿತು. ಈ ಒಂದು ಗುಣಕ್ಕೇ ಕೊಟ್ಟ ದುಡ್ಡು ಸಾರ್ಥಕ. ಸಿಗ್ನಲ್ಲಿಗೆ 0-10 ವೋಲ್ಟ್ ಆಯ್ಕೆಯೂ ಇದೆ. ಆದರೆ ನಮ್ಮ ಹಾಗೆ 80 ಮೀಟರ್ ಕೇಬಲ್ ಎಳೆಯೋರು ಮಿಲಿಆಂಪನ್ನೇ ಹಿಡೀರಿ, ದೂರಕ್ಕೆ ವೋಲ್ಟೇಜ್ ಕುಸಿದರೂ ಲೂಪಿನ (ತಂತಿಯ ಸುತ್ತಿನ) ಕರೆಂಟ್ ಅಷ್ಟೇ ಇರುತ್ತೆ.

ಒಂದು ಬೇಸರ. ಅಳವಡಿಸಲು ಬಂದವರು ಸಿಗ್ನಲ್ ವೈರನ್ನು ಮೋಟಾರ್ ವೈರಿನ ಜೊತೆ ಒಂದೇ ಟ್ರೇನಲ್ಲಿ ಎಳೆದು ಹೋದರು, ಮೋಟಾರಿನ ವಿದ್ಯುತ್ ಗದ್ದಲ ಸಿಗ್ನಲ್ಲಿಗೆ ಸೇರಿ ಎರಡು ವಾರ ಪಂಪಿನ ವೇಗ ಏರಿಳಿಯುತ್ತಲೇ ಇತ್ತು. ಶೀಲ್ಡ್ ಕೇಬಲ್ (ಲೋಹದ ಹೊದಿಕೆ ಇರುವ ಕೇಬಲ್) ಬೇರೆ ದಾರಿಯಲ್ಲಿ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದ ಮೇಲೆ ಸರಿಹೋಯ್ತು. ಕೈಪಿಡಿಯಲ್ಲಿ ಇದನ್ನ ಮೊದಲ ಪುಟದಲ್ಲೇ ಹಾಕಬೇಕಿತ್ತು.