ನಮ್ಮ ಯಜಮಾನರ ಸಿಪ್ಯಾಪ್: ಮೂರು ವರ್ಷ ಬಳಸಿದ ಮೇಲೆ

ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಗಾಳಿ ಊದುವ ಯಂತ್ರ. ಅದನ್ನು ಮುಖಕ್ಕೆ ಕಟ್ಟಿಕೊಳ್ಳುವವರು ನಮ್ಮ ಯಜಮಾನರು. ವಿಮರ್ಶೆ ಬರೆಯುತ್ತಿರುವವಳು ನಾನು. ಇಷ್ಟು ವರ್ಷ ಆ ಗೊರಕೆ ಕೇಳಿದವಳು ನಾನೇ ಅಲ್ವಾ!

ಅವರಿಗೆ ಈಗ 71. ಸೊಸೈಟಿಯಲ್ಲಿ ಅಡಿಕೆ ಲೆಕ್ಕ ಬರೆದವರು, ಯಂತ್ರ ಬರುವ ಮುಂಚೆ ಹಾಲಿನ ಬಿಲ್ ಕೂಡಲು ತಡವರಿಸತೊಡಗಿದ್ದರು. ಒಂದು ದಿನ ಸ್ಕೂಟರಿನಲ್ಲಿ ಪೇಟೆಗೆ ಹೋಗಿ ನಡೆದುಕೊಂಡು ವಾಪಸ್ ಬಂದರು. ಮಕ್ಕಳು ಡಿಮೆನ್ಷಿಯಾ, ಮರೆವಿನ ಕಾಯಿಲೆ ಎಂದು ಗುಸುಗುಟ್ಟಿದರು. ಶಿವಮೊಗ್ಗದ ಡಾಕ್ಟರು ಥೈರಾಯ್ಡ್, ಬಿ12 ರಕ್ತಪರೀಕ್ಷೆ ಬರೆದುಕೊಟ್ಟು ನನ್ನ ಕಡೆ ತಿರುಗಿದರು. "ರಾತ್ರಿ ಗೊರಕೆ ಮಧ್ಯೆ ಉಸಿರು ನಿಲ್ಲುತ್ತಾ ಅಮ್ಮಾ?" ನಿಲ್ಲುತ್ತಿತ್ತು. ಸದ್ದು ನಿಂತಾಗಲೇ ನನಗೆ ಎಚ್ಚರವಾಗುತ್ತಿದ್ದುದು.

ನಿದ್ದೆಯಲ್ಲಿ ಉಸಿರು ಅಳೆಯುವ ಸ್ಲೀಪ್ ಸ್ಟಡಿಯಲ್ಲಿ ಎ.ಎಚ್.ಐ. 38 ಬಂತು. ಅಂದರೆ ಗಂಟೆಗೆ ಸರಾಸರಿ 38 ಸಲ, ಕನಿಷ್ಠ 10 ಸೆಕೆಂಡು, ಉಸಿರು ನಿಂತಿದೆ ಇಲ್ಲವೇ ತೀರಾ ಇಳಿದಿದೆ. ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ, 30 ದಾಟಿದರೆ ತೀವ್ರ ಅಂತೆ. ಆಗೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆ ಎಚ್ಚರವಾಗುತ್ತದೆ. ಹೀಗೆ ನಿದ್ದೆ ಚೂರುಚೂರಾದರೆ ಹಗಲಲ್ಲಿ ಲೆಕ್ಕ ತಲೆಗೆ ಹತ್ತುವುದು ಹೇಗೆ?

ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಸಿಪ್ಯಾಪ್ ತಂದೆವು. ಗಾಳಿ ಊದುವ ಡಬ್ಬ, ಅಷ್ಟೇ. ಗಂಟಲು ಮುಚ್ಚಿಕೊಳ್ಳದಂತೆ ಗಾಳಿಯ ಒತ್ತಡದಿಂದ ಹಿಡಿದಿಡುತ್ತದೆ. ನೆಂಟರು ಮಾತ್ರ ಆಕ್ಸಿಜನ್ ಹಾಕಿದ್ದಾರೆ ಎಂದು ಹಣ್ಣು ತಗೊಂಡು ನೋಡಲು ಬಂದರು.

ನಿಜವಾದ ಕಷ್ಟ ಮಾಸ್ಕಿನದು. ಅಂಗಡಿಯವನು ಅಳತೆ ನೋಡದೆ ಬಾಯಿ ಮೂಗು ಎರಡೂ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟ. ಮೀಸೆ ಸಂದಿಯಿಂದ ರಾತ್ರಿಯಿಡೀ ಕುಕ್ಕರ್ ಸೀಟಿ. ಮೂಗಿನ ಮೇಲೆ ಗಾಯ. ಮಧ್ಯರಾತ್ರಿ ಕಿತ್ತೆಸೆಯುತ್ತಿದ್ದರು. ಮೀಸೆ ತೆಗೆಯಿರಿ ಎಂದೆ, ಎರಡು ದಿನ ಮಾತಾಡಲಿಲ್ಲ. ಕೊನೆಗೆ ಮೂಗಿನ ಹೊಳ್ಳೆಗೆ ಕೂರುವ ಸಣ್ಣ ಮಾಸ್ಕ್ ಬೇರೆ ಕಡೆ ಕೊಂಡೆವು. ಮೀಸೆ ಉಳಿಯಿತು, ಸೀಟಿ ನಿಂತಿತು. ಹಳೆಯದನ್ನು ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ.

ನಮ್ಮದು ತೀರ್ಥಹಳ್ಳಿ. ಆಷಾಢದ ಗಾಳಿಗೆ ಕರೆಂಟ್ ಹೋದರೆ ಯಂತ್ರವೂ ನಿಲ್ಲುತ್ತದೆ, ಹಾಗಾಗಿ ಇನ್ವರ್ಟರ್ ಬೇಕೇ ಬೇಕು. ಗಾಳಿಗೆ ತೇವ ಕೊಡಲು ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್ ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಆಗ ಅದನ್ನು ಆರಿಸುತ್ತೇನೆ. ಅದಕ್ಕೆ ಡಿಸ್ಟಿಲ್ಡ್ ವಾಟರೇ ಹಾಕಿ. ಬಾವಿ ನೀರು ಹಾಕಿ ನಾನು ತಳದಲ್ಲಿ ಬಿಳಿ ಪದರ ಕಟ್ಟಿಸಿದ್ದೆ.

ಮರೆವಿನ ವಿಷಯಕ್ಕೆ ಬರೋಣ. ಎರಡನೇ ತಿಂಗಳು, ವಾರ್ತೆ ನೋಡುತ್ತಾ ತೂಕಡಿಸುವುದು ನಿಂತಿತು. ನಾಲ್ಕನೇ ತಿಂಗಳು ಹಾಲಿನ ಲೆಕ್ಕ ಒಂದೇ ಸಲಕ್ಕೆ ಸರಿ ಬಂತು. ಪದಬಂಧದ ಪುಟ ಮತ್ತೆ ನನಗೆ ಸಿಗದಂತಾಯಿತು! ಆದರೆ ಸೋದರಳಿಯನ ಹೆಂಡತಿಯ ಹೆಸರು ಈಗಲೂ ನನ್ನನ್ನೇ ಕೇಳುತ್ತಾರೆ. ಡಾಕ್ಟರು ಮೊದಲೇ ಹೇಳಿದ್ದರು: ತೂಕಡಿಕೆ, ಗಮನ ಸುಧಾರಿಸಬಹುದು, ನೆನಪಿನ ಶಕ್ತಿಗೆ ಗ್ಯಾರಂಟಿ ಇಲ್ಲ, ಸಂಶೋಧನೆಗಳೂ ಒಂದೇ ಮಾತು ಹೇಳುವುದಿಲ್ಲ. ಇದನ್ನು ಮರೆವಿಗೆ ಮದ್ದು ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ನಾಲ್ಕು ಗಂಟೆಗಿಂತ ಕಡಿಮೆ ಹಾಕಿಕೊಂಡ ಮರುದಿನ ಇವರು ಮಂಕಾಗಿರುವುದಂತೂ ಯಂತ್ರದ ಲೆಕ್ಕ ನೋಡದೆಯೇ ನನಗೆ ತಿಳಿಯುತ್ತದೆ.

ಮದುವೆಮನೆಗೆ ಹೋಗುವಾಗ ಜೊತೆಗೆ ಉದ್ದನೆಯ ಎಕ್ಸ್‌ಟೆನ್ಷನ್ ವೈರ್ ಇಟ್ಟುಕೊಳ್ಳಿ. ಛತ್ರದ ಕೋಣೆಯಲ್ಲಿ ಪ್ಲಗ್ ಯಾವಾಗಲೂ ಬಾಗಿಲ ಹಿಂದೆಯೇ ಇರುತ್ತದೆ.

ಯಂತ್ರಕ್ಕೆ ಐದರಲ್ಲಿ ನಾಲ್ಕು ಸ್ಟಾರ್. ಆ ಮೊದಲ ಮಾಸ್ಕಿಗೆ ಒಂದೂ ಇಲ್ಲ.