ಸಿಂಕ್ ಕಾರ್ಡ್ ಬಿಟ್ಟು ಫೈಬರ್ ಕೇಬಲ್‌ಗೆ: ಕೆಲವು ವರ್ಷ ಬಳಸಿದ ಮೇಲೆ

ನೀರಿನೊಳಗೆ ಫೋಟೋ ತೆಗೆಯಲು ಎರಡು ಸ್ಟ್ರೋಬ್ (ಹೊರಗೆ ಜೋಡಿಸುವ ಫ್ಲ್ಯಾಶ್), ಎರಡು ಫೈಬರ್ ಆಪ್ಟಿಕ್ ಕೇಬಲ್, ಹೌಸಿಂಗ್ (ಕ್ಯಾಮೆರಾಗೆ ನೀರು ತಾಗದಂತೆ ಮುಚ್ಚುವ ಪೆಟ್ಟಿಗೆ) ಒಳಗೆ ಕ್ಯಾಮೆರಾದ ಹಾಟ್ ಶೂ (ಫ್ಲ್ಯಾಶ್ ಸಿಕ್ಕಿಸುವ ಜಾಗ) ಮೇಲೆ ಕೂತು ಸ್ಟ್ರೋಬ್‌ಗೆ ಬೆಳಕಿನ ಸೂಚನೆ ಕೊಡುವ ಒಂದು ಪುಟ್ಟ ಎಲ್‌ಇಡಿ ಟ್ರಿಗರ್. ಕೆಲವು ವರ್ಷಗಳಿಂದ ನಾನು ಬಳಸುತ್ತಿರುವುದು ಇದನ್ನೇ. ಅದಕ್ಕೂ ಮುಂಚೆ ಕ್ಯಾಮೆರಾದಿಂದ ಸ್ಟ್ರೋಬ್‌ಗೆ ಸೂಚನೆ ಒಯ್ಯುವ ಸಿಂಕ್ ಕಾರ್ಡ್ ಇತ್ತು. ಅದಕ್ಕೆ ವಾಪಸ್ ಹೋಗುವ ಮನಸ್ಸಿಲ್ಲ. ಹಾಗಂತ ಫೈಬರ್‌ನಲ್ಲಿ ತಲೆನೋವೇ ಇಲ್ಲ ಅಂತಲ್ಲ. ಆ ತಲೆನೋವು ಫೋಟೋ ಹಾಳು ಮಾಡುತ್ತದೆ, ಸಾಮಾನು ಹಾಳು ಮಾಡುವುದಿಲ್ಲ, ಅಷ್ಟೇ.

ಸಿಂಕ್ ಕಾರ್ಡ್ ಒಳಗೆ ಇರುವುದು ವಿದ್ಯುತ್ ತಂತಿ. 1984ರಲ್ಲಿ ಬಂದ ನಿಕಾನೋಸ್-5 ಫಿಲ್ಮ್ ಕ್ಯಾಮೆರಾದಲ್ಲಿದ್ದ 5 ಪಿನ್ ಕನೆಕ್ಟರ್ ಮಾದರಿ ಇವತ್ತಿಗೂ ಎಷ್ಟೋ ಹೌಸಿಂಗ್‌ಗಳಲ್ಲಿದೆ. ಗಟ್ಟಿ ವ್ಯವಸ್ಥೆ, ಅನುಮಾನವಿಲ್ಲ. ಆದರೆ ಕಾರ್ಡ್‌ನ ಎರಡೂ ತುದಿಯಲ್ಲಿ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ), ಹೌಸಿಂಗ್ ಗೋಡೆಯಲ್ಲಿ ಬಲ್ಕ್‌ಹೆಡ್‌ಗೆಂದು (ಕಾರ್ಡ್ ಸಿಕ್ಕಿಸುವ ಸಾಕೆಟ್) ಒಂದು ತೂತು. ಒಂದು ಹನಿ ಉಪ್ಪುನೀರು ಪಿನ್‌ಗಳ ಮಧ್ಯೆ ಕೂತರೆ ಸ್ಟ್ರೋಬ್ ತನ್ನಷ್ಟಕ್ಕೆ ತಾನೇ ಹೊಡೆಯಲು ಶುರುಮಾಡುತ್ತದೆ, ಇಲ್ಲವೇ ಪೂರ್ತಿ ಸುಮ್ಮನಾಗುತ್ತದೆ. ಒರೆಸದೆ ಬಿಟ್ಟರೆ ಪಿನ್‌ಗೆ ಹಸಿರು ಕಿಲುಬು. ಬಲ್ಕ್‌ಹೆಡ್ ಸೀಲ್ ಕೈಕೊಟ್ಟರೆ ನೀರು ಕ್ಯಾಮೆರಾ ತನಕವೂ ಹೋಗಬಹುದು. ನನ್ನ ಹಳೆಯ ಕಾರ್ಡ್ ಹೊರಗಿಂದ ನೋಡಲು ಹೊಸದರಂತೆಯೇ ಇತ್ತು. ಒಳಗೆ ತಂತಿ ಸವೆದು, ಸ್ಟ್ರೋಬ್ ಕೂರಿಸಿದ ತೋಳನ್ನು ಒಂದು ಕಡೆ ಬಾಗಿಸಿದರೆ ಫ್ಲ್ಯಾಶ್, ಇನ್ನೊಂದು ಕಡೆ ಬಾಗಿಸಿದರೆ ಇಲ್ಲ. ನೀರಿನೊಳಗೆ ಇದನ್ನು ಕಂಡುಹಿಡಿಯುವುದು ಹೇಗೆ ಹೇಳಿ?

ಫೈಬರ್‌ನಲ್ಲಿ ಹೋಗುವುದು ಬರೀ ಬೆಳಕು. ಹೌಸಿಂಗ್‌ನ ಪಾರದರ್ಶಕ ಕಿಟಕಿಯ ಒಳಗೆ ಬೆಳಕು ಮಿಂಚುತ್ತದೆ, ಹೊರಗೆ ಸಿಕ್ಕಿಸಿದ ಕೇಬಲ್ ಅದನ್ನು ಸ್ಟ್ರೋಬ್‌ನ ಸೆನ್ಸರ್‌ಗೆ ಮುಟ್ಟಿಸುತ್ತದೆ. ಸಾಕೆಟ್‌ನಲ್ಲಿ ನೀರು ತುಂಬಿದರೂ ಪರವಾಗಿಲ್ಲ. ನೀರಿನೊಳಗೇ ಕಿತ್ತು ಮತ್ತೆ ಹಾಕಬಹುದು. ಸಿಂಕ್ ಕಾರ್ಡ್‌ನಲ್ಲಿ ಹಾಗೆ ಮಾಡುವ ಹಾಗೇ ಇಲ್ಲ.

ಒಳಗೆ ಮಿಂಚುವುದು ಯಾವುದು ಅನ್ನುವುದು ಮುಖ್ಯ. ಕ್ಯಾಮೆರಾದಲ್ಲೇ ಮೇಲೇಳುವ ಪಾಪ್-ಅಪ್ ಫ್ಲ್ಯಾಶ್ ಇದ್ದರೆ ಅದನ್ನು ಮ್ಯಾನುಯಲ್‌ನಲ್ಲಿ ಅತಿ ಕಡಿಮೆ ಪವರ್‌ಗೆ ಇಟ್ಟರೆ ಸಾಕು. ಸ್ಟ್ರೋಬ್‌ಗೆ ಬೇಕಾದದ್ದು ಸೂಚನೆ ಮಾತ್ರ. ಪವರ್ ಜಾಸ್ತಿ ಇಟ್ಟರೆ ಕ್ಯಾಮೆರಾ ಬ್ಯಾಟರಿ ಸುಮ್ನೆ ಖಾಲಿ, ಜೊತೆಗೆ ಮುಂದಿನ ಫೋಟೋಗೆ ಕಾಯಬೇಕು. ನಿಕಾನ್ ಡಿ850, ಸೋನಿ ಎ7 ಸರಣಿಯಂಥ ಕ್ಯಾಮೆರಾಗಳಲ್ಲಿ ಪಾಪ್-ಅಪ್ ಇಲ್ಲವೇ ಇಲ್ಲ, ಅಲ್ಲಿ ಎಲ್‌ಇಡಿ ಟ್ರಿಗರ್ ಬೇಕೇ ಬೇಕು. ನನ್ನದು ಸಿಆರ್2032 ಬಟನ್ ಸೆಲ್‌ನಲ್ಲಿ ಓಡುತ್ತದೆ. ಬೇಗ ಬೇಗ ಹೊಡೆದರೂ ಟ್ರಿಗರ್ ಹಿಂದೆ ಬೀಳುವುದಿಲ್ಲ, ಸ್ಟ್ರೋಬ್ ಚಾರ್ಜ್ ಆಗಲೇ ಹೊತ್ತು ಬೇಕು. ಆದರೆ ಸೆಲ್‌ನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಒಂದು ದೀಪವೂ ಇದರಲ್ಲಿಲ್ಲ. ಇಷ್ಟು ದುಡ್ಡು ತಗೊಂಡು ಅದೊಂದನ್ನು ಕೊಡದಿರುವುದು ಜಿಪುಣತನ. ಸೆಲ್ ಇಳಿಯುತ್ತಾ ಬಂದಾಗ ಮೊದಲು ಒಂದು ಸ್ಟ್ರೋಬ್ ಆಗೊಮ್ಮೆ ಈಗೊಮ್ಮೆ ತಪ್ಪಿಸುತ್ತದೆ. ನಾವು ಬೈಯುವುದು ಸ್ಟ್ರೋಬ್‌ಗೆ.

ಇನ್ನು ಕೇಬಲ್. ಅಗ್ಗದ್ದರಲ್ಲಿ ಒಂದೇ ದಪ್ಪ ಎಳೆ. ಅದನ್ನು ಬಿಗಿಯಾಗಿ ಬಗ್ಗಿಸಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಪಾಪ್-ಅಪ್ ಫ್ಲ್ಯಾಶ್‌ನ ಬೆಳಕು ಜೋರು, ಸ್ವಲ್ಪ ಸೋರಿದರೂ ನಡೆಯುತ್ತದೆ. ಎಲ್‌ಇಡಿಯದು ಅಷ್ಟಿಲ್ಲ. ಹಾಗಾಗಿ ನಾನು 613 ಸಣ್ಣ ಎಳೆಗಳ ಕೇಬಲ್‌ಗೆ ಬದಲಾಯಿಸಿದೆ. ಬೆಲೆ ಜಾಸ್ತಿ, ಆದರೆ ತೋಳು ಹೇಗೆ ಮಡಚಿದರೂ ಕೆಲಸ ಮಾಡುತ್ತದೆ.

ತೊಂದರೆ ಬರುವುದು ಹೆಚ್ಚಾಗಿ ತುದಿಯಲ್ಲಿ. ಎಳೆದಾಡಿದಾಗ ಫೈಬರ್ ಪ್ಲಗ್ ಒಳಗೆ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಜಾರುತ್ತದೆ. ಹೊರಗಿಂದ ಗೊತ್ತೇ ಆಗುವುದಿಲ್ಲ. ನೋಡುವ ದಾರಿ ಸುಲಭ: ಒಂದು ತುದಿಯನ್ನು ಮನೆಯ ದೀಪದ ಕಡೆ ಹಿಡಿದು ಇನ್ನೊಂದನ್ನು ನೋಡಿ. ದುಂಡಗಿನ, ಎಲ್ಲ ಕಡೆ ಒಂದೇ ಥರ ಹೊಳೆಯುವ ಚುಕ್ಕೆ ಕಂಡರೆ ಸರಿ. ಅರ್ಧಚಂದ್ರದಂತೆ ಕಂಡರೆ ಅಥವಾ ಮಬ್ಬಾಗಿದ್ದರೆ ತುದಿ ಕತ್ತರಿಸುವ ಹೊತ್ತು ಬಂತು. ಕತ್ತರಿ ಬೇಡ, ಅದು ಎಳೆಗಳನ್ನು ಜಜ್ಜುತ್ತದೆ. ಹೊಸ ಬ್ಲೇಡ್ ಇಟ್ಟು ನೇರವಾಗಿ ಒಂದೇ ಸಲ ಒತ್ತಿ. ಪ್ಲಗ್ ಸಡಿಲವಿದ್ದರೆ ಇನ್ನೊಂದು ತಮಾಷೆ ಇದೆ. ಪಕ್ಕದಲ್ಲಿರುವವರು ಫ್ಲ್ಯಾಶ್ ಹೊಡೆದಾಗ ನಿಮ್ಮ ಸ್ಟ್ರೋಬ್ ಕೂಡ ಹೊಡೆಯುತ್ತದೆ!

ಹೊಸಬರನ್ನು ಕಾಡುವುದು ಪ್ರೀ-ಫ್ಲ್ಯಾಶ್. ಕ್ಯಾಮೆರಾ ಟಿಟಿಎಲ್‌ನಲ್ಲಿದ್ದರೆ (ಫ್ಲ್ಯಾಶ್ ಎಷ್ಟು ಬೇಕೆಂದು ತಾನೇ ಅಳೆಯುವ ಮೋಡ್) ಅಸಲಿ ಫ್ಲ್ಯಾಶ್‌ಗೂ ಮುಂಚೆ ಒಂದು ಸಣ್ಣ ಮಿಂಚು ಕಳಿಸುತ್ತದೆ. ಸ್ಟ್ರೋಬ್ ಅದನ್ನು ಬಿಟ್ಟು ಅಸಲಿ ಮಿಂಚಿಗೆ ಕಾಯುವ ಮೋಡ್‌ನಲ್ಲಿ ಇಲ್ಲದಿದ್ದರೆ ಅದಕ್ಕೇ ಹೊಡೆದುಬಿಡುತ್ತದೆ. ಕಣ್ಣಿಗೆ ಬೆಳಕು ಕಾಣುತ್ತದೆ, ಫೋಟೋದಲ್ಲಿ ಮಾತ್ರ ಕತ್ತಲೆ. ಎರಡೂ ಕಡೆ ಮ್ಯಾನುಯಲ್ ಇಟ್ಟುಬಿಟ್ಟರೆ ಈ ಗೋಜೇ ಇರುವುದಿಲ್ಲ. ಹತ್ತಿರದಿಂದ ತೆಗೆಯುವ ಫೋಟೋಗಳಿಗೆ ಪವರ್ ಅಂದಾಜು ಬೇಗ ಕೈಗೆ ಬರುತ್ತದೆ.

ಸಿಂಕ್ ಕಾರ್ಡ್ ಯಾರಿಗೆ ಸರಿ? ಆಪ್ಟಿಕಲ್ ಸೆನ್ಸರ್ ಇಲ್ಲದ ಹಳೆಯ, ಗಟ್ಟಿ ಸ್ಟ್ರೋಬ್ ಕೈಯಲ್ಲಿರುವವರಿಗೆ. ಒಳ್ಳೆಯ ಸ್ಟ್ರೋಬನ್ನು ಬರೀ ಕೇಬಲ್‌ಗೋಸ್ಕರ ಮಾರಬೇಡಿ. ಪ್ರತಿ ಸಲ ಓ-ರಿಂಗ್ ನೋಡಿ, ತೆಳ್ಳಗೆ ಗ್ರೀಸ್ ಹಚ್ಚಿ, ಸಿಹಿನೀರಲ್ಲಿ ತೊಳೆದು, ಕಾರ್ಡ್ ತೆಗೆದಾಗ ಮುಚ್ಚಳ ಹಾಕುವ ತಾಳ್ಮೆ ಇದ್ದರೆ ಅದು ತುಂಬಾ ವರ್ಷ ಬರುತ್ತದೆ. ಹೊಸದಾಗಿ ಕೊಳ್ಳುವವರು ಹೌಸಿಂಗ್‌ನಲ್ಲಿ ಫೈಬರ್ ಕಿಟಕಿ ಎರಡಿದೆಯೇ ನೋಡಿ. ಕೇಬಲ್ ಪ್ಲಗ್ ನಿಮ್ಮ ಸ್ಟ್ರೋಬ್‌ಗೆ ಕೂರುತ್ತದೆಯೇ ಅಂತ ಅಂಗಡಿಯಲ್ಲೇ ಸಿಕ್ಕಿಸಿ ನೋಡಿ. ಎಲ್ಲ ಕಂಪನಿಗಳ ಪ್ಲಗ್ ಒಂದೇ ಅಳತೆಯದಲ್ಲ.