ಡಬ್ಬಿ ಮೇಲೆ 'ನಾಯ್ಸ್ ಕ್ಯಾನ್ಸಲಿಂಗ್' ಅಂತ ಇದೆ ಅಂದುಕೊಂಡು ಹೆಡ್‌ಫೋನ್ ತಗೋಬೇಡಿ

ಮಳೆಗಾಲ ಹಿಡಿದುಕೊಳ್ಳುವ ಮುಂಚೆ ಇದನ್ನು ಬರೆದುಬಿಡಬೇಕು ಅನ್ನಿಸಿತು. ನಮ್ಮ ಕಡೆ ಈಗ ಮನೆಯಿಂದಲೇ ಕೆಲಸ ಮಾಡುವವರು, ಆನ್‌ಲೈನ್ ಪಾಠ ಕೇಳುವ ಮಕ್ಕಳು ಜಾಸ್ತಿ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ, ಇನ್ನು ಫೋನಿನದ್ದು ಎಲ್ಲಿಂದ ಕೇಳಬೇಕು? ಆಗ ಎಲ್ಲರೂ ಹುಡುಕುವುದು ಕಿವಿ ಪೂರ್ತಿ ಮುಚ್ಚುವ, ಹಿಂಬದಿ ಬಂದ್ ಇರುವ ಹೆಡ್‌ಫೋನ್. ಕ್ಲೋಸ್ಡ್ ಬ್ಯಾಕ್ ಅಂತಾರಲ್ಲ, ಅದೇ. ನಾನೂ ಅದನ್ನೇ ಕೇಳಿಕೊಂಡು ಶಿವಮೊಗ್ಗದ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯ ಹೆಸರು, ಕಂಪನಿಯ ಹೆಸರು ಬರೆಯುವುದಿಲ್ಲ. ನಡೆದದ್ದು ಗೊತ್ತಾದರೆ ಸಾಕು.

ನನ್ನದು ಆಡಿಯೊ ಕೇಳಿ ಟೈಪ್ ಮಾಡುವ ಕೆಲಸ. ಮನೆ ತೀರ್ಥಹಳ್ಳಿಯಿಂದ ಒಳಗೆ. ದಿನವಿಡೀ ಯಾರದೋ ಮಾತು ಕೇಳುತ್ತಿರಬೇಕು, ಒಂದು ಪದವೂ ತಪ್ಪುವಂತಿಲ್ಲ. ಕನ್ನಡಕ ಇದೆ, ಮಳೆಯ ಗದ್ದಲ ಇದೆ, ಗಂಟೆಗಟ್ಟಲೆ ಹಾಕಿಕೊಂಡಿರಬೇಕು ಅಂತ ಎಲ್ಲವನ್ನೂ ಅಂಗಡಿ ಹುಡುಗನಿಗೆ ಬಿಡಿಸಿ ಹೇಳಿದೆ. ಅವನು ಒಂದು ದೊಡ್ಡ ಡಬ್ಬಿ ತೆಗೆದಿಟ್ಟ. "ಅಕ್ಕಾ, ಇದ್ ಹಾಕ್ಕೊಂಡ್ರೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಇದೆ ನೋಡಿ" ಅಂತ ಡಬ್ಬಿಯ ಮೇಲೆ ಬೆರಳಿಟ್ಟು ತೋರಿಸಿದ. ದಪ್ಪ ಅಕ್ಷರದಲ್ಲಿ ಹಾಗೆಯೇ ಇತ್ತು. ಡಬ್ಬಿ ಬಿಚ್ಚಿ ಹಾಕಿ ನೋಡುತ್ತೇನೆ ಅಂದರೆ, ಸೀಲ್ ಒಡೆದರೆ ತಗೊಳ್ಳಲೇಬೇಕು ಅಂದ.

ಮನೆಗೆ ಬಂದ ಮೇಲೆ ಮೊದಲ ಜೋರು ಮಳೆಗೇ ಬಣ್ಣ ಬಯಲಾಯಿತು. ಹೆಡ್‌ಫೋನ್ ಹಾಕಿಕೊಂಡು ತಂಗಿಗೆ ಫೋನ್ ಮಾಡಿದೆ. ಅವಳ ಮಾತು ಮಳೆಯಲ್ಲಿ ಕೊಚ್ಚಿ ಹೋಗುತ್ತಿತ್ತು. ಅವಳು ಮಾತ್ರ ಆ ಕಡೆಯಿಂದ, "ಅಕ್ಕಾ, ನಿನ್ ಧ್ವನಿ ಎಷ್ಟು ಚೆನ್ನಾಗಿ ಕೇಳ್ತಿದೆ, ಅಲ್ಲಿ ಮಳೆನೇ ಇಲ್ವಾ?" ಅಂತ ಕೇಳಿದಳು. ಡಬ್ಬಿ ತಂದು ಬೆಳಕಿಗೆ ಹಿಡಿದು ನೋಡಿದರೆ ಪಕ್ಕದ ಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, 'ಇಎನ್‌ಸಿ ಮೈಕ್' ಅಂತ ಬರೆದಿತ್ತು.

ಇದೊಂದು ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ. ಇಎನ್‌ಸಿ ಅಂದರೆ ಎನ್ವಿರಾನ್‌ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್. ಅದು ನಿಮ್ಮ ಮೈಕಿಗೆ ಮಾತ್ರ. ನೀವು ಮಾತಾಡುವಾಗ ಸುತ್ತಲಿನ ಗದ್ದಲ ಕಳೆದು ಆ ಕಡೆಯವರಿಗೆ ಕಳಿಸುತ್ತದೆ. ನಿಮ್ಮ ಕಿವಿಗೆ ಬೀಳುವ ಶಬ್ದವನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ನಿಮ್ಮ ಕಿವಿಗೆ ಬೇಕಾದದ್ದು ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಅದರಲ್ಲಿ ಕಿವಿಯ ಬಟ್ಟಲಿನ ಮೈಕ್ ಹೊರಗಿನ ಶಬ್ದ ಹಿಡಿದು, ಅದಕ್ಕೆ ಉಲ್ಟಾ ಇರುವ ಅಲೆಯನ್ನು ಒಳಗೆ ನುಡಿಸಿ ಎರಡನ್ನೂ ಹೊಡೆದುಹಾಕುತ್ತದೆ. ಎರಡೂ ಬೇರೆ ಬೇರೆ ಕೆಲಸ. ಡಬ್ಬಿ ಮೇಲೆ ಮಾತ್ರ ಎರಡಕ್ಕೂ ಒಂದೇ ಮಾತು ಹಾಕಿ ಮಾರುತ್ತಾರೆ. ಗೊತ್ತಿದ್ದೇ ಹೀಗೆ ಅಚ್ಚು ಹಾಕಿಸುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ಮಾತು. ನಿಜವಾದ ಎಎನ್‌ಸಿ ಇದ್ದರೂ ಅದು ಎಲ್ಲ ಶಬ್ದಕ್ಕೂ ಮದ್ದಲ್ಲ. ಒಂದೇ ಸಮ ಗುಂಯ್ ಅನ್ನುವ ದಪ್ಪ ಶಬ್ದ, ಅಂದರೆ ಬಸ್ಸಿನ ಇಂಜಿನ್, ಪಂಪಿನ ಮೋಟಾರು, ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಓಡುವ ಅಡಿಕೆ ಸುಲಿಯುವ ಮಷಿನ್ನಿನ ಗುಯ್‌ಗುಡುವಿಕೆ, ಇವನ್ನು ಚೆನ್ನಾಗಿ ತಗ್ಗಿಸುತ್ತದೆ. ಹೆಚ್ಚುಕಡಿಮೆ 1000 ಹರ್ಟ್ಸ್‌ಗಿಂತ ಕೆಳಗಿನ ಶಬ್ದದ ಮೇಲೆ ಅದರ ಆಟ. ಹರ್ಟ್ಸ್ ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಅದು ಕಡಿಮೆಯಾದಷ್ಟೂ ಶಬ್ದ ದಪ್ಪ. ಕುಕ್ಕರ್ ಸೀಟಿ, ಪಕ್ಕದವರ ಮಾತು, ಶೀಟಿನ ಮೇಲೆ ಚಟಪಟ ಬೀಳುವ ಮಳೆಯ ಚೂಪು ಶಬ್ದ, ಇವಕ್ಕೆ ಕೆಲಸಕ್ಕೆ ಬರುವುದು ಪ್ಯಾಡ್. ಕಿವಿಯ ಸುತ್ತ ಸಂದಿ ಇಲ್ಲದೆ ಕೂರುವ ದಪ್ಪ ಪ್ಯಾಡ್ ಮತ್ತು ಬಂದ್ ಇರುವ ಬಟ್ಟಲು. ಹಾಗಾಗಿ ಮಲೆನಾಡಿನ ಮಳೆಗೆ ನಾನು ಮೊದಲ ಅಂಕ ಕೊಡುವುದು ಪ್ಯಾಡಿಗೆ, ಆಮೇಲೆ ಎಎನ್‌ಸಿಗೆ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಅನ್ನುವ ಹಳೆಯ ಮಾಡೆಲ್‌ನಲ್ಲಿ ಎಎನ್‌ಸಿಯೇ ಇಲ್ಲ, ಆದರೂ ಹೊರಗಿನ ಶಬ್ದವನ್ನು 32 ಡೆಸಿಬೆಲ್‌ವರೆಗೆ ತಗ್ಗಿಸುತ್ತದೆ ಅಂತ ಕಂಪನಿ ಹೇಳುತ್ತದೆ. ಡೆಸಿಬೆಲ್ ಅಂದರೆ ಶಬ್ದ ಎಷ್ಟು ಜೋರು ಅನ್ನುವ ಅಳತೆ. ಇಂತಹ ಅಂಕಿಯನ್ನು ಓದುವಾಗ ಆ 'ವರೆಗೆ' ಬಿಡಬೇಡಿ. ಪ್ಯಾಡ್ ಚೂಪು ಶಬ್ದವನ್ನು ತಡೆದಷ್ಟು ದಪ್ಪ ಶಬ್ದವನ್ನು ತಡೆಯುವುದಿಲ್ಲ.

ನಾನು ತಂದದ್ದರಲ್ಲಿ ಪ್ಯಾಡೂ ಕೈಕೊಟ್ಟಿತು. ಬಟ್ಟಲು ನೋಡಲು ದೊಡ್ಡದು, ಒಳಗಿನ ಕುಳಿ ಚಿಕ್ಕದು. ಕಿವಿ ಒಳಗೆ ಹೋಗುವ ಬದಲು ಪ್ಯಾಡಿನ ಅಂಚು ಕಿವಿಯ ಮೇಲೆಯೇ ಕೂರುತ್ತಿತ್ತು. ಓಲೆಯ ತಿರುಪು ಕಿವಿಯ ಹಿಂದೆ ಒತ್ತಿ ಕೆಂಪಾಗುತ್ತಿತ್ತು. ಕನ್ನಡಕದ ಕಡ್ಡಿ ಹಾದುಹೋಗುವಲ್ಲಿ ಪ್ಯಾಡ್ ಎದ್ದು ನಿಲ್ಲುತ್ತಿತ್ತು, ಬಾಗಿಲು ಹಾಕಿ ಕಿಟಕಿ ತೆಗೆದಿಟ್ಟ ಹಾಗೆ. ಅಲ್ಲಿಂದಲೇ ಮಳೆ ಒಳಗೆ, ಹಾಡಿನ ಬೇಸ್, ಅಂದರೆ ದಪ್ಪ ಧ್ವನಿ, ಹೊರಗೆ. ಹಿಡಿತವೂ ಬಿಗಿ. ಕನ್ನಡಕದ ಕಡ್ಡಿಯನ್ನು ತಲೆಗೆ ಒತ್ತಿ ಒತ್ತಿ ಕಪಾಳದ ಮೇಲೆ ನೋವು ಶುರುವಾಗುತ್ತಿತ್ತು.

ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಡೆಮೊ ಪೀಸ್ ಇಟ್ಟಿರುವ ಅಂಗಡಿಗೇ ಹೋಗಿ. ನಿಮ್ಮ ಕನ್ನಡಕ, ನೀವು ದಿನಾ ಹಾಕುವ ಓಲೆ, ದಿನಾ ಹಾಕುವ ಜಡೆ, ಎಲ್ಲ ಇದ್ದ ಹಾಗೇ ಇಟ್ಟುಕೊಂಡು ಅರ್ಧ ಗಂಟೆ ಕೂತುಬಿಡಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಬೇಸ್ ಇರುವ ಒಂದು ಹಾಡು ಹಾಕಿ, ಎರಡೂ ಬಟ್ಟಲನ್ನು ಅಂಗೈಯಿಂದ ಮೆಲ್ಲಗೆ ಕಿವಿಯ ಕಡೆ ಒತ್ತಿ. ಒತ್ತಿದ ಕೂಡಲೇ ಬೇಸ್ ಜಾಸ್ತಿಯಾದರೆ ಪ್ಯಾಡ್ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಅದು ನಿಮ್ಮ ತಲೆಗಲ್ಲ, ಬಿಟ್ಟು ಬನ್ನಿ.

ಶಬ್ದ ತಡೆಯದ ಹೆಡ್‌ಫೋನ್ ಮಾಡುವ ದೊಡ್ಡ ಹಾನಿ ಬೇರೆ. ಹೊರಗಿನ ಗದ್ದಲ ಗೆಲ್ಲಲು ನಾವು ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ನನಗೆ ಆ ಮಳೆಗಾಲದಲ್ಲಿ ರಾತ್ರಿ ಮಲಗಿದ ಮೇಲೂ ಕಿವಿಯಲ್ಲಿ ಕುಂಯ್ ಅನ್ನುವ ಶಬ್ದ ಇರುತ್ತಿತ್ತು. ಹೆದರಿಕೆಯಾಗಿ ಕೆಲಸವನ್ನೇ ಕಡಿಮೆ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಹತ್ತೇ ಡೆಸಿಬೆಲ್ ಏರಿದ್ದಕ್ಕೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಪಾಠ ಕೇಳುವ ಮಕ್ಕಳಿದ್ದರೆ ಇದನ್ನು ಹಗುರವಾಗಿ ತಗೋಬೇಡಿ.

ಧ್ವನಿಯ ವಿಷಯಕ್ಕೆ ಬಂದರೆ, ಅಗ್ಗದ ಬಂದ್ ಬಟ್ಟಲಿನಲ್ಲಿ ಶಬ್ದ ಒಳಗೇ ಸುತ್ತಿ ಧಿಂ ಧಿಂ ಅನ್ನುತ್ತದೆ. ಅಂಗಡಿಯವರು ಹಾಕುವ ಡಿಜೆ ಹಾಡಿಗೆ ಅದು ಭರ್ಜರಿ ಅನ್ನಿಸುತ್ತದೆ. ಮಾತು ಕೇಳಲು ಕೂತರೆ ತ ಯಾವುದು, ದ ಯಾವುದು ಗೊತ್ತಾಗುವುದಿಲ್ಲ. ನಿಮಗೆ ಚೆನ್ನಾಗಿ ಪರಿಚಯ ಇರುವ ಆಡಿಯೊವನ್ನೇ ನಿಮ್ಮ ಫೋನಿನಿಂದ ಹಾಕಿಸಿ. ನಾನು ಈಗ ಯಕ್ಷಗಾನದ ರೆಕಾರ್ಡಿಂಗ್ ಹಾಕುತ್ತೇನೆ. ಚಂಡೆ ಏರಿದಾಗಲೂ ಭಾಗವತರ ಸಾಹಿತ್ಯ ಬಿಡಿಬಿಡಿಯಾಗಿ ಕೇಳಬೇಕು, ಮದ್ದಳೆ ಚಂಡೆಯೊಳಗೆ ಮುಳುಗಬಾರದು. ಇಷ್ಟು ದಾಟಿದರೆ ಮಾತಿಗೂ ಸಾಕು. 50 ಮಿಲಿಮೀಟರ್ ಡ್ರೈವರ್ (ಬಟ್ಟಲಿನೊಳಗೆ ಶಬ್ದ ಹೊರಡಿಸುವ ಚಿಕ್ಕ ಸ್ಪೀಕರ್) ಇದೆ, ಹಾಗಾಗಿ ಧ್ವನಿ ಚೆನ್ನಾಗಿದೆ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಸೋನಿ ಎಂಡಿಆರ್-7506 40 ಮಿಲಿಮೀಟರಿನದ್ದು, 1991ರಿಂದ ಸ್ಟುಡಿಯೊಗಳಲ್ಲಿ ದುಡಿಯುತ್ತಿದೆ. ವೈರಿನ ಸ್ಟುಡಿಯೊ ಮಾಡೆಲ್ ತಗೊಳ್ಳುವವರು ಓಮ್ಸ್, ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಎಷ್ಟು ಅಂತ ನೋಡಿಕೊಳ್ಳಿ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80, 250 ಓಮ್ಸ್‌ಗಳಲ್ಲಿ ಬಂದಿದೆ. 250ರದ್ದನ್ನು ಸುಮ್ನೆ ಫೋನಿಗೆ ಚುಚ್ಚಿದರೆ ಧ್ವನಿ ಏಳುವುದೇ ಇಲ್ಲ.

ಆಗಸ್ಟ್ ಹೊತ್ತಿಗೆ ನನ್ನ ಹೆಡ್‌ಫೋನಿನ ಪ್ಯಾಡ್ ಸುಲಿಯತೊಡಗಿತು. ಕೆಲಸ ಮುಗಿಸಿ ಎದ್ದರೆ ಕಿವಿಯ ಸುತ್ತ, ಕೆನ್ನೆಯ ಮೇಲೆ ಕಪ್ಪು ಹೊಪ್ಪಳೆ ಹೊಪ್ಪಳೆ. ಅದು ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ತೇವ ಮತ್ತು ಬೆವರಿಗೆ ಅದು ಒಳಗಿಂದಲೇ ಒಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅದರ ಆಸುಪಾಸಿನ ನಮ್ಮೂರುಗಳಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಬರುವಾಗ ಇದು ಉಳಿಯುತ್ತದಾ? ಹೊಸ ಪ್ಯಾಡ್ ಕೊಡಿ ಅಂತ ಅಂಗಡಿಯವರನ್ನು ಕೇಳಿದರೆ, ಈ ಮಾಡೆಲಿಗೆ ಪ್ಯಾಡ್ ಬೇರೆ ಬರುವುದಿಲ್ಲ ಅಂದರು. ಬಿಚ್ಚಿ ನೋಡಿದೆ, ಅಂಟು ಹಾಕಿ ಕೂರಿಸಿದ್ದರು. ಅಲ್ಲಿಗೆ ಅದರ ಕಥೆ ಮುಗಿಯಿತು.

ಆದ್ದರಿಂದ ಮಲೆನಾಡಿನವರು ಮೊದಲು ಕೇಳಬೇಕಾದ ಪ್ರಶ್ನೆ, ಪ್ಯಾಡ್ ಬಿಚ್ಚಿ ಹಾಕಲು ಬರುತ್ತದಾ, ಬೇರೆ ಸಿಗುತ್ತದಾ ಅಂತ. ಮೇಲೆ ಹೇಳಿದ ಸೆನ್‌ಹೈಸರ್, ಸೋನಿ, ಬೇಯರ್‌ಡೈನಾಮಿಕ್ ಮೂರಕ್ಕೂ, ಆಡಿಯೊ-ಟೆಕ್ನಿಕಾ ಎಂ40ಎಕ್ಸ್, ಎಂ50ಎಕ್ಸ್‌ಗೂ ಪ್ಯಾಡ್ ಬೇರೆಯಾಗಿ ತರಿಸಿಕೊಳ್ಳಬಹುದು. ವೆಲ್ವೆಟಿನ ಥರದ ಬಟ್ಟೆಯ ಪ್ಯಾಡ್ ಸುಲಿಯುವುದಿಲ್ಲ, ಬೆವರೂ ಕಡಿಮೆ. ಆದರೆ ಅದು ಹೊರಗಿನ ಶಬ್ದವನ್ನು ಅಷ್ಟು ತಡೆಯುವುದಿಲ್ಲ, ಮೂಲ ಧ್ವನಿಯನ್ನೂ ಕೊಂಚ ಬದಲಿಸುತ್ತದೆ. ನಾನಂತೂ ಚರ್ಮದ ಥರದ್ದನ್ನೇ ಇಟ್ಟುಕೊಂಡು, ಕೆಲಸ ಮುಗಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ.

ಬ್ಲೂಟೂತಿನದ್ದು ತಗೊಳ್ಳುವವರು ಇನ್ನೊಂದನ್ನು ಕೇಳಿ. ಬ್ಯಾಟರಿ ಖಾಲಿಯಾದಾಗ ವೈರ್ ಹಾಕಿದರೆ ನುಡಿಯುತ್ತದಾ? ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಚಾರ್ಜ್ ಇಲ್ಲದ ಮೇಲೆ ಎಎನ್‌ಸಿಯೂ ಇಲ್ಲ, ಆಗ ಕಾಪಾಡುವುದು ಮತ್ತೆ ಪ್ಯಾಡೇ. ಬ್ಲೂಟೂತ್ ಹೆಡ್‌ಫೋನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಡಬ್ಬಿ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅದನ್ನು ಹಾಕಿದರೆ ನಿಜವೋ ಸುಳ್ಳೋ ಅಂಗಡಿಯಲ್ಲೇ ತಿಳಿಯುತ್ತದೆ.

ಕೊನೆಗೆ ಬಿಲ್ಲು. ಅಂಗಡಿಯವರು ಕೊಟ್ಟದ್ದು ಕಚ್ಚಾ ಚೀಟಿ. ಅದರಲ್ಲಿ 'ಹೆಡ್‌ಸೆಟ್ 1' ಅಂತ ಮಾತ್ರ ಬರೆದಿತ್ತು. ಪಕ್ಕಾ ಬಿಲ್ಲು ಕೇಳಿದ್ದಕ್ಕೆ ಮಷಿನ್ ಕೆಟ್ಟಿದೆ, ನಾಳೆ ಬನ್ನಿ ಅಂದಿದ್ದರು. ಪ್ಯಾಡ್ ಹಿಡಿದುಕೊಂಡು ಮತ್ತೆ ಹೋದಾಗ, ಇದು ನಮ್ಮಲ್ಲೇ ತಗೊಂಡದ್ದು ಅಂತ ಏನು ಗ್ಯಾರಂಟಿ ಅಂತ ಕೇಳಿದರು. ಅಷ್ಟು ದೂರದಿಂದ ಬಸ್ಸಿನಲ್ಲಿ ಹೋದವರಿಗೆ ಕೂರಿ ಅಂತಲೂ ಅನ್ನಲಿಲ್ಲ. ಬಿಲ್ಲು ಕೊಡದಿರುವುದು, ದೋಷವಿರುವ ಸಾಮಾನು ವಾಪಸ್ ತಗೊಳ್ಳದಿರುವುದು, ಇವೆರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರದ ಪಟ್ಟಿಯಲ್ಲಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವೇ ಇಲ್ಲ. ಆದರೆ ಎಲ್ಲದಕ್ಕೂ ಕೈಯಲ್ಲಿ ದಾಖಲೆ ಬೇಕು. ಮಾಡೆಲ್ ಹೆಸರು, ಸೀರಿಯಲ್ ನಂಬರ್, ವಾರಂಟಿಯಲ್ಲಿ ಪ್ಯಾಡ್ ಸೇರಿದೆಯೋ ಇಲ್ಲವೋ, ಇಷ್ಟನ್ನೂ ಬಿಲ್ಲಿನ ಮೇಲೆ ಬರೆಸಿಕೊಂಡು ಸೀಲು ಹಾಕಿಸಿಕೊಂಡೇ ದುಡ್ಡು ಕೊಡಿ. ಮಷಿನ್ ಕೆಟ್ಟಿದೆ ಅಂದರೆ ಪಕ್ಕದ ಅಂಗಡಿಗೆ ಹೋಗಿ.